ಖಾಲಿಯಾಗಿ ಕಂಡ ಫೋಲ್ಡರ್

“ಆ ಫೋಲ್ಡರ್ ಖಾಲಿ ಇತ್ತಲ್ವೇನಮ್ಮಾ, ಅದಕ್ಕೇ ತೆಗೆದುಹಾಕಿದೆ” ಎಂದರು ಅಕ್ಕ.

ನಮ್ಮ ಯೋಜನೆಯಲ್ಲಿ ಧ್ವನಿಮುದ್ರಿಕೆಗಳನ್ನು ಕೇಳಿ ಅಕ್ಷರಕ್ಕಿಳಿಸುವ ಕೆಲಸ ಅವರದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಪರದೆಯ ಮೇಲೆ ಆ ಫೋಲ್ಡರ್ ಖಾಲಿಯಾಗಿಯೇ ಕಂಡಿತ್ತು. ಒಳಗೆ 7 ಫೈಲುಗಳಿದ್ದವು ಎಂಬುದೂ ಅಷ್ಟೇ ನಿಜ. ಇದ್ದ ಏಳು ಫೈಲುಗಳು ಇಲ್ಲದಂತೆ ಕಾಣುವ ಹಾಗೆ ಮಾಡಿದವಳು ನಾನು. ಅದೂ ಅವರ ಅನುಕೂಲಕ್ಕೆಂದೇ. ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇನ್ನೊಬ್ಬರ ಒಳ್ಳೆಯದಕ್ಕೆಂದು ಅವರ ಕಣ್ಣಿಗೆ ಒಂದನ್ನು ಮರೆ ಮಾಡುವುದು ಯಾವಾಗ ಸಹಾಯ, ಯಾವಾಗ ಮೋಸ?

ಕತೆ ಸಣ್ಣದು, ತುಸು ತಾಂತ್ರಿಕವಾದದ್ದು. ನನ್ನ ಸಂಶೋಧನೆ ಹಳೇ ಮೈಸೂರು ಸೀಮೆಯ ಹೆಣ್ಣುಮಕ್ಕಳ ಹಾಡುಗಳ ಮೇಲೆ. ರಾಗಿ ಬೀಸುವ ಪದ, ನಾಟಿ ಪದ, ಸೋಬಾನೆ, ಹಸೆಗೆ ಕರೆಯುವ ಹಾಡು ಎಂದು ಊರೂರು ಸುತ್ತಿ ಮೂರು ವರ್ಷದಲ್ಲಿ 600ಕ್ಕೂ ಹೆಚ್ಚು ಮುದ್ರಿಕೆಗಳಾದವು. ರೆಕಾರ್ಡರ್ ಅವುಗಳಿಗೆ ತಾನೇ ಹೆಸರಿಡುತ್ತದೆ: ರೆಕ್0014, ರೆಕ್0015, ರೆಕ್0016. ಯಾವುದರಲ್ಲಿ ಯಾರ ದನಿ ಇದೆಯೆಂದು ಹೆಸರು ನೋಡಿ ತಿಳಿಯುವಂತಿಲ್ಲ. ಅಕ್ಕ ಪ್ರತಿಸಲವೂ ನನ್ನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ಸಾಲು ಹುಡುಕಿ, ಆಮೇಲೆ ಫೈಲ್ ತೆರೆಯುತ್ತಿದ್ದರು. ಪುಟಕ್ಕಿಷ್ಟು ಎಂದು ಅವರಿಗೆ ದುಡ್ಡು. ಹುಡುಕುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಅದಕ್ಕೆಂದೇ ಒಂದು ಪುಟ್ಟ ತಂತ್ರಾಂಶ ಬರೆದೆ. ಧ್ವನಿ ಕೇಳುತ್ತ ಅದೇ ಕಿಟಕಿಯಲ್ಲಿ ಬರೆಯುತ್ತ ಹೋಗಬಹುದಾದಂಥದ್ದು. ಜಾವಾ ಭಾಷೆ ನನಗೆ ಪದವಿಯ ದಿನಗಳಿಂದ ಅಷ್ಟಿಷ್ಟು ಗೊತ್ತಿತ್ತು. ಜಾವಾದಲ್ಲಿ ‘ಸ್ವಿಂಗ್’ ಎಂಬ ಪರಿಕರಗಳ ಗುಂಪಿದೆ. 1998ರ ಕೊನೆಗೆ ಬಂದ ಜಾವಾ 1.2ರಿಂದ ಅದು ಭಾಷೆಯ ಜೊತೆಗೇ ಬರುತ್ತದೆ. ‘ಓಪನ್’ ಒತ್ತಿದಾಗ ಫೈಲುಗಳ ಪಟ್ಟಿ ತೋರಿಸುವ ಕಿಟಕಿ, ಅಂದರೆ ಫೈಲ್ ಪಿಕರ್, ಅದರಲ್ಲಿ ಸಿದ್ಧವಾಗಿಯೇ ಇದೆ. ಹೆಸರು ‘ಜೆಫೈಲ್‌ಚೂಸರ್’. ಬೇಕಿದ್ದರೆ ಅದಕ್ಕೆ ‘ಫೈಲ್‌ವ್ಯೂ’ ಎಂಬ ಒಬ್ಬ ಸಲಹೆಗಾರನನ್ನು ನೇಮಿಸಬಹುದು. ಕಿಟಕಿ ಪ್ರತಿಯೊಂದು ಫೈಲನ್ನೂ ಹಿಡಿದು ಆ ಸಲಹೆಗಾರನಿಗೆ ಐದು ಪ್ರಶ್ನೆ ಕೇಳುತ್ತದೆ. ಇದರ ಹೆಸರು ಏನೆಂದು ತೋರಿಸಲಿ? ಇದರ ವಿವರಣೆ ಏನು? ಇದು ಯಾವ ಬಗೆಯದು? ಪಕ್ಕದಲ್ಲಿ ಯಾವ ಚಿತ್ರ ಹಾಕಲಿ? ಇದು ಫೋಲ್ಡರ್ ಆಗಿದ್ದರೆ ಒಳಗೆ ಹೋಗಲು ಬಿಡಲೇ? ಇದಲ್ಲದೆ ‘ಫೈಲ್‌ಫಿಲ್ಟರ್’ ಎಂಬ ಬಾಗಿಲು ಕಾಯುವವನೂ ಇದ್ದಾನೆ. ಅವನಿಗೆ ಬರುವ ಪ್ರಶ್ನೆ ಮುಖ್ಯವಾಗಿ ಒಂದೇ: ಇದನ್ನು ಪಟ್ಟಿಯಲ್ಲಿ ತೋರಿಸಲೇ, ಬೇಡವೇ?

ನಾನು ಇಬ್ಬರನ್ನೂ ನೇಮಿಸಿದೆ. ರೆಕ್0014 ಎಂಬ ಹೆಸರಿನ ಜಾಗದಲ್ಲಿ ನನ್ನ ಪಟ್ಟಿಯಿಂದ ಹಾಡಿನ ಹೆಸರು ಬಂದು ಕೂರುವಂತೆ ಮಾಡಿದೆ. ಬರೆದು ಮುಗಿದದ್ದಕ್ಕೆ ಹಸಿರು ಚುಕ್ಕೆ, ಬಾಕಿ ಇದ್ದದ್ದಕ್ಕೆ ಹಳದಿ ಚುಕ್ಕೆ. ಪಟ್ಟಿಯಲ್ಲಿ ‘ನಿರುಪಯುಕ್ತ’ ಎಂದು ಗುರುತು ಹಾಕಿದ್ದ ಮುದ್ರಿಕೆಗಳು ಕಾಣದಂತೆ ಫಿಲ್ಟರ್ ಹಾಕಿದೆ. ಗಾಳಿಯ ಸದ್ದಷ್ಟೇ ಇರುವುದು, ಕೆಮ್ಮಿನಲ್ಲಿ ನಿಂತುಹೋದದ್ದು, ಚೀಲದೊಳಗೆ ಗುಂಡಿ ಒತ್ತಿಹೋಗಿ ಬಸ್ಸಿನ ಸದ್ದು ತುಂಬಿಕೊಂಡದ್ದು, ಹಾಡಿಲ್ಲದೆ ಬರೀ ಮಾತಿರುವುದು. ಇವನ್ನೆಲ್ಲ ಅಕ್ಕ ಯಾಕೆ ನೋಡಬೇಕು?

ಕೊನೆಗೆ ಒಂದು ಸಾಲು ಬರೆದೆ. ಈ ಕಿಟಕಿಯನ್ನು ಕಟ್ಟಿದವರು ಒಂದು ಮುನ್ನೆಚ್ಚರಿಕೆ ವಹಿಸಿದ್ದಾರೆ. ನೀವು ಯಾವ ಫಿಲ್ಟರ್ ಹಾಕಿದರೂ ಕೆಳಗಿನ ಪಟ್ಟಿಯಲ್ಲಿ ‘ಎಲ್ಲ ಫೈಲುಗಳು’ ಎಂಬ ಆಯ್ಕೆ ತಾನಾಗಿಯೇ ಇರುತ್ತದೆ. ಬೇಡವೆಂದರೆ ಅದನ್ನು ತೆಗೆಯಲು ನೀವೇ ಕೈಯಾರೆ ಒಂದು ಸಾಲು ಬರೆಯಬೇಕು. ನಾನು ಬರೆದೆ. ಯಾಕೆ ಎಂದು ಈಗ ಕೇಳಿಕೊಂಡರೆ ಸಿಗುವ ಉತ್ತರ ಇಷ್ಟೇ: ಹಾಗೆ ಮಾಡಿದರೆ ಕಿಟಕಿ ಚೊಕ್ಕಟವಾಗಿ ಕಾಣುತ್ತಿತ್ತು.

ಅಕ್ಕನಿಗೆ ತುಂಬ ಖುಷಿಯಾಯಿತು. “ಈಗ ಕಣ್ಣಿಗೆ ಹಿತ ನೋಡು” ಎಂದರು. ದಿನಕ್ಕೆ ಎರಡು ಹಾಡು ಮುಗಿಸುತ್ತಿದ್ದವರು ಮೂರು ಮುಗಿಸತೊಡಗಿದರು. ನನಗೂ ಹೆಮ್ಮೆ.

ಐದಾರು ತಿಂಗಳಾದ ಮೇಲೆ ಅವರು ಒಂದು ದಿನ ಕೆಲಸ ಬೇಗ ಮುಗಿಸಿ, ಎಲ್ಲವನ್ನೂ ಓರಣ ಮಾಡಲು ಕೂತರು. ನಮ್ಮ ಕಿಟಕಿಯಲ್ಲಿ ಒಂದೊಂದೇ ಫೋಲ್ಡರ್ ತೆರೆದು ನೋಡುತ್ತ ಹೋದಾಗ ಒಂದು ಫೋಲ್ಡರಿನಲ್ಲಿ ಏನೂ ಕಾಣಲಿಲ್ಲ. ಖಾಲಿ ಫೋಲ್ಡರ್ ಸುಮ್ಮನೆ ಯಾಕೆಂದು ಹೊರಗೆ ಬಂದು, ಅದರ ಮೇಲೆ ಬಲಗುಂಡಿ ಒತ್ತಿ ಅಳಿಸಿದರು. ಅದಿದ್ದದ್ದು ಹಂಚಿಕೊಂಡು ಬಳಸುವ ಡಿಸ್ಕಿನಲ್ಲಿ. ಅಲ್ಲಿಂದ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಬೇರೆ ಡಿಸ್ಕಿಗೆ ನಕಲು ಮಾಡಿಡುವ ಕೆಲಸವನ್ನೂ ನನ್ನ ತಂತ್ರಾಂಶಕ್ಕೇ ವಹಿಸಿದ್ದೆ. ಅದು ಅದೇ ಫಿಲ್ಟರ್ ಹಿಡಿದು ‘ಉಪಯುಕ್ತ’ಗಳನ್ನಷ್ಟೇ ನಕಲು ಮಾಡಿತ್ತು. ರೆಕಾರ್ಡರಿನ ಕಾರ್ಡನ್ನು ಅಷ್ಟರಲ್ಲಿ ಎರಡು ಸಲ ಅಳಿಸಿ ಬೇರೆ ಊರುಗಳಿಗೆ ಬಳಸಿಯಾಗಿತ್ತು. ನಾನು ಮೂರು ಕಡೆ ಮುಚ್ಚಿದ್ದೆ, ಅಕ್ಕ ಒಂದು ಸಲ ಒತ್ತಿದರು.

ಹೋದ ಏಳರಲ್ಲಿ ಆರು ನಿಜಕ್ಕೂ ಗಾಳಿ, ಕೆಮ್ಮು, ಬಸ್ಸು. ಏಳನೆಯದು ಹಾಗಲ್ಲ.

ಚಾಮರಾಜನಗರದ ಕಡೆಯ ಒಂದು ಊರಿನಲ್ಲಿ ಒಬ್ಬ ಅಜ್ಜಿ ಎರಡು ದಿನ ಕೂತು ನಮಗೆ ನಲವತ್ತಕ್ಕೂ ಹೆಚ್ಚು ಪದ ಹಾಡಿದ್ದರು. ಎರಡನೆಯ ದಿನ ಮುಸ್ಸಂಜೆ, ಸಾವಿನ ಮನೆಯಲ್ಲಿ ಹಾಡುವ ಪದ ಯಾವುದಾದರೂ ಇದೆಯೇ ಎಂದು ಕೇಳಿದೆ. ಇದೆ ಎಂದರು. ಹಾಡಿ ಎಂದೆ. ಅವರು ಒಲ್ಲೆ ಎಂದರು. ದೀಪ ಹಚ್ಚಿದ ಮನೆಯಲ್ಲಿ ಅದನ್ನು ಎತ್ತಬಾರದು, ಆ ಪದಕ್ಕೆ ಅದರದೇ ಹೊತ್ತಿದೆ, ಅದರದೇ ಜಾಗವಿದೆ ಎಂದರು. ತಮಗೆ ಅದನ್ನು ಕಲಿಸಿದ್ದು ಯಾರು, ಮೊದಲ ಸಲ ಹಾಡಿದ್ದು ಯಾರ ಮನೆಯಲ್ಲಿ, ಅದರಲ್ಲಿ ಸತ್ತವರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ಹನ್ನೊಂದು ನಿಮಿಷ ಮಾತಾಡಿದರು. ಹಾಡಲಿಲ್ಲ. “ಪದ ಐತೆ ಕಣವ್ವ, ಇಲ್ಲ ಅನ್ನಕ್ಕಿಲ್ಲ. ಈಗ ಹಾಡಕ್ಕಿಲ್ಲ ಅಷ್ಟೇಯ” ಎಂಬ ಒಂದು ಮಾತು ಮಾತ್ರ ನನ್ನ ದಿನಚರಿಯಲ್ಲಿ ಉಳಿದಿದೆ. ಊರಿಂದ ಬಂದು ಪಟ್ಟಿ ತುಂಬುವಾಗ ‘ಹಾಡು’ ಎಂಬ ಕಲಂನಲ್ಲಿ ಬರೆಯಲು ಏನೂ ಇರಲಿಲ್ಲ. ಆದ್ದರಿಂದ ‘ಸ್ಥಿತಿ’ ಎಂಬ ಕಲಂನಲ್ಲಿ ‘ನಿರುಪಯುಕ್ತ’ ಎಂದು ಹಾಕಿದೆ.

ತಪ್ಪು ಯಾರದು ಎಂಬುದು ಮೊದಲು ಬಂದ ಪ್ರಶ್ನೆ. ಅಕ್ಕ ತಮ್ಮದೇ ಎಂದರು, ಕಣ್ಣಲ್ಲಿ ನೀರು ತಂದುಕೊಂಡರು. ಹೇಳಲು ನಾಚಿಕೆಯಾಗುತ್ತದೆ, ಮೊದಲ ಒಂದೆರಡು ದಿನ ನಾನೂ ಮನಸ್ಸಿನೊಳಗೆ ಅದನ್ನೇ ಒಪ್ಪಿಕೊಂಡಿದ್ದೆ. ಅಳಿಸುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲ ಎಂದು. ಆದರೆ ಕೇಳಬೇಕೆಂದು ಅನ್ನಿಸಲು ಅನುಮಾನಕ್ಕೆ ಒಂದು ಕಾರಣ ಬೇಕು. ಆ ಕಾರಣವನ್ನೇ ನಾನು ಅಳಿಸಿಹಾಕಿದ್ದೆ.

ಇದನ್ನು ಯೋಚಿಸುವಾಗ ನನಗೆ ದಾರಿ ತೋರಿದ್ದು ಮೀಮಾಂಸಕರ ಒಂದು ವಾದ. ಕುಮಾರಿಲ ಭಟ್ಟನ ಪರಂಪರೆಯವರು, ಅವರನ್ನು ಅನುಸರಿಸಿ ಅದ್ವೈತಿಗಳು, ‘ಅನುಪಲಬ್ಧಿ’ ಎಂಬುದನ್ನು ಒಂದು ಪ್ರಮಾಣವೆಂದೇ ಒಪ್ಪುತ್ತಾರೆ. ನೆಲದ ಮೇಲೆ ಮಡಕೆ ಇಲ್ಲ ಎಂದು ನಮಗೆ ಹೇಗೆ ಗೊತ್ತಾಗುತ್ತದೆ? ಇಲ್ಲದಿರುವುದನ್ನು ಕಣ್ಣು ನೋಡಲಾರದು. ಮಡಕೆ ಕಾಣದಿರುವುದೇ ಅದು ಇಲ್ಲವೆಂಬ ಅರಿವಿಗೆ ಆಧಾರ ಎನ್ನುತ್ತಾರೆ ಅವರು. ಆದರೆ ಒಂದು ಷರತ್ತು ಹಾಕುತ್ತಾರೆ. ಅದು ‘ಯೋಗ್ಯ’ ಅನುಪಲಬ್ಧಿ ಆಗಿರಬೇಕು. ಅಂದರೆ, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸನ್ನಿವೇಶ ಇರಬೇಕು. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದು ಮಡಕೆ ಇಲ್ಲ ಎನ್ನುವಂತಿಲ್ಲ.

ಅಕ್ಕನ ತರ್ಕ ಈ ಅಳತೆಗೆ ಸರಿಯಾಗಿಯೇ ಇತ್ತು. ಫೈಲ್ ತೋರಿಸುವುದಕ್ಕೆಂದೇ ಇರುವ ಕಿಟಕಿ, ಅದರಲ್ಲಿ ಫೈಲ್ ಇದ್ದಿದ್ದರೆ ಕಾಣುತ್ತಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ಕೋಣೆಯಲ್ಲಿ ಕತ್ತಲಿದ್ದಿದ್ದರೆ ಅವರು ಹುಷಾರಾಗಿರುತ್ತಿದ್ದರು. ನಾನು ಮಾಡಿದ್ದು ದೀಪ ಉರಿಯುತ್ತಿರುವಾಗಲೇ ಏಳು ಮಡಕೆಗಳನ್ನಷ್ಟೇ ಕಾಣದಂತೆ ಮಾಡಿದ್ದು. ಕತ್ತಲಿಗಿಂತ ಇದು ಕೆಟ್ಟದ್ದು, ಯಾಕೆಂದರೆ ಕತ್ತಲು ತಾನು ಕತ್ತಲೆಂದು ಹೇಳಿಕೊಳ್ಳುತ್ತದೆ.

ಹಾಗಾದರೆ ನಾನು ಸುಳ್ಳು ಹೇಳಿದೆನೇ? ನನ್ನ ಪರವಾಗಿ ಒಂದು ಮಾತಿದೆ. ಕಿಟಕಿಯ ಕೆಳಗಡೆ ಫಿಲ್ಟರಿನ ಹೆಸರು ಸಣ್ಣ ಅಕ್ಷರದಲ್ಲಿ ಬರುತ್ತದೆ. ಅಲ್ಲಿ ‘ಉಪಯುಕ್ತ ಧ್ವನಿಮುದ್ರಿಕೆಗಳು’ ಎಂದು ಬರೆದಿತ್ತು. ನಿಧಾನವಾಗಿ ಓದಿದವರಿಗೆ, ಹಾಗಾದರೆ ಉಪಯುಕ್ತವಲ್ಲದವೂ ಇರಬೇಕು ಎಂದು ಹೊಳೆಯಬಹುದು. ಈ ಸಮಜಾಯಿಷಿ ನನಗೆ ದ್ರೋಣಪರ್ವವನ್ನು ನೆನಪಿಸುತ್ತದೆ. ಅಶ್ವತ್ಥಾಮ ಸತ್ತನೆಂದು ಜೋರಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಧರ್ಮರಾಯ ಕೇಳಿಸದಂತೆ ಹೇಳಿದ. ಹೇಳಬೇಕಾದದ್ದನ್ನೆಲ್ಲ ಅವನ ಬಾಯಿ ಹೇಳಿತ್ತು. ಆದರೂ ನೆಲದಿಂದ ನಾಲ್ಕು ಬೆರಳು ಮೇಲಿರುತ್ತಿದ್ದ ಅವನ ರಥ ಕೆಳಗಿಳಿಯಿತು. ಆ ಕತೆ ಕಟ್ಟಿದವರು ಮಾತಿನ ಲೆಕ್ಕ ಹಾಕಲಿಲ್ಲ. ದ್ರೋಣನಿಗೆ ಕೇಳಿಸಿದ್ದು ಏನು ಎಂಬುದರ ಲೆಕ್ಕ ಹಾಕಿದರು.

ಒಂದು ವ್ಯತ್ಯಾಸ ಉಂಟು, ಅದನ್ನು ಬಿಟ್ಟುಬಿಟ್ಟರೆ ನನಗೇ ಅನ್ಯಾಯ ಮಾಡಿಕೊಂಡಂತೆ. ಧರ್ಮರಾಯನಿಗೆ ದ್ರೋಣ ಮೋಸಹೋಗುವುದು ಬೇಕಿತ್ತು. ಅಕ್ಕ ಮೋಸಹೋಗುವುದು ನನಗೆ ಬೇಕಿರಲಿಲ್ಲ. ಆದ್ದರಿಂದ ಅದು ಸುಳ್ಳಲ್ಲ ಎಂದು ಈಗಲೂ ನಾನು ನಂಬುತ್ತೇನೆ. ಆದರೆ ಸುಳ್ಳು ಹೇಳದಿದ್ದ ಮಾತ್ರಕ್ಕೆ ಋಣ ತೀರುವುದಿಲ್ಲ. ಇನ್ನೊಬ್ಬರು ನೋಡುವ ಕಿಟಕಿಯನ್ನು ಕಟ್ಟಿಕೊಡುವವರಿಗೆ ಬೇರೆಯದೇ ಒಂದು ಹೊಣೆ ಬಂದು ಸೇರುತ್ತದೆ. ‘ಇಲ್ಲ’ ಮತ್ತು ‘ತೋರಿಸುತ್ತಿಲ್ಲ’ ಎಂಬ ಎರಡು ಸಂಗತಿಗಳು ಆ ಕಿಟಕಿಯಲ್ಲಿ ಒಂದೇ ಥರ ಕಾಣಬಾರದು. ನನ್ನ ಕಿಟಕಿಯಲ್ಲಿ ಅವೆರಡೂ ಒಂದೇ ಥರ ಕಂಡವು.

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪ ಇದೆ. ಮರೆ ಮಾಡದೆ ತೋರಿಸುವುದೆಂಬುದು ಎಲ್ಲಾದರೂ ಇದೆಯೇ? ನಮ್ಮ ಗಣಕಗಳ ಒಳಗಿರುವ ಲಕ್ಷಾಂತರ ಫೈಲುಗಳನ್ನೆಲ್ಲ ಕಣ್ಣ ಮುಂದೆ ಸುರಿದರೆ ಅದು ಪ್ರಾಮಾಣಿಕತೆಯಲ್ಲ, ಗೋಳು. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ಬರೆದ ‘ನಡ್ಜ್’ ಪುಸ್ತಕ ಶಾಲೆಯ ಊಟದ ಮನೆಯ ಉದಾಹರಣೆಯಿಂದ ಶುರುವಾಗುತ್ತದೆ. ತಿನಿಸುಗಳನ್ನು ಯಾವುದೋ ಒಂದು ಕ್ರಮದಲ್ಲಿ ಇಡಲೇಬೇಕು, ಹೇಗಿಟ್ಟರೂ ಮಕ್ಕಳ ಆಯ್ಕೆ ಬದಲಾಗುತ್ತದೆ. ಯಾರ ಕಡೆಗೂ ವಾಲದ ಜೋಡಣೆ ಎಂಬುದೊಂದಿಲ್ಲ.

ಕನ್ನಡದ ಫೈಲ್ ಹೆಸರುಗಳ ಜೊತೆ ಕೆಲಸ ಮಾಡಿದವರಿಗೆ ಇದು ಪುಸ್ತಕ ಓದದೆಯೂ ಗೊತ್ತು. ನನ್ನ ಪಟ್ಟಿಯಲ್ಲಿ ‘ಬಸವನ ಪದ’ವೂ ಇತ್ತು, ‘ಬಳೆಗಾರನ ಪದ’ವೂ ಇತ್ತು. ನಾವು ಬಾಯಿಪಾಠ ಮಾಡಿದ ವರ್ಣಮಾಲೆಯಲ್ಲಿ ಳಕಾರ ಕಟ್ಟಕಡೆಗೆ, ಹಕಾರದ ನಂತರ. ಆ ಲೆಕ್ಕದಲ್ಲಿ ಬಸವ ಮುಂದೆ, ಬಳೆಗಾರ ಹಿಂದೆ. ಆದರೆ ಯುನಿಕೋಡಿನ ಕನ್ನಡ ಕೋಷ್ಟಕದಲ್ಲಿ ಳ ಇರುವುದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಕೂರಿಸಿದ್ದ 1988ರ ‘ಇಸ್ಕಿ’ ಸಂಕೇತವನ್ನು ಯುನಿಕೋಡ್ ಅನುಸರಿಸಿದ್ದರಿಂದ ಹೀಗಾಯಿತು. ಕನ್ನಡದ ಕ್ರಮವನ್ನು ಬೇರೆಯಾಗಿ ಹೇಳಿಕೊಡದೆ ಬರೀ ಸಂಕೇತ ಸಂಖ್ಯೆ ನೋಡಿ ಜೋಡಿಸಿದರೆ ಬಳೆಗಾರನೇ ಬಸವನಿಗಿಂತ ಮುಂದೆ ಬಂದು ನಿಲ್ಲುತ್ತಾನೆ. ಯಾರಿಗೂ ಕೇಡು ಬಯಸದ ಒಂದು ಕೋಷ್ಟಕ ಕೂಡ ನಮ್ಮ ಕಣ್ಣ ಮುಂದೆ ಯಾವುದು ಮೊದಲು ಬರಬೇಕೆಂದು ತೀರ್ಮಾನಿಸಿಬಿಟ್ಟಿರುತ್ತದೆ.

ಆಯಿತು, ಆಯ್ಕೆ ಮಾಡದೆ ತೋರಿಸಲಾಗದು ಎಂದು ಒಪ್ಪೋಣ. ಆದರೆ ಆಯ್ಕೆಗಳೆಲ್ಲ ಒಂದೇ ತೂಕದವಲ್ಲ. ಬಳೆಗಾರ ಮುಂದೆ ಬಂದರೂ ಬಸವ ಪಟ್ಟಿಯಲ್ಲೇ ಇದ್ದಾನೆ, ಹುಡುಕಿದರೆ ಸಿಗುತ್ತಾನೆ. ಕ್ರಮ ತಪ್ಪಿದರೆ ತಡವಾಗುತ್ತದೆ, ಅಷ್ಟೇ. ಮರೆಯಾದರೆ ಹುಡುಕಬೇಕೆಂಬ ಯೋಚನೆಯೇ ಬರುವುದಿಲ್ಲ.

ಮರೆ ಮಾಡುವ ಅಭ್ಯಾಸ ಎಷ್ಟು ಸಲೀಸಾಗಿ ಹುಟ್ಟಿಕೊಳ್ಳುತ್ತದೆ ಎಂಬುದಕ್ಕೆ ಗಣಕಗಳ ಚರಿತ್ರೆಯಲ್ಲೇ ಒಂದು ಕತೆಯಿದೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಹೆಸರಿನ ಮೊದಲಿಗೆ ಚುಕ್ಕೆ ಇರುವ ಫೈಲುಗಳು ಸಾಮಾನ್ಯವಾಗಿ ಪಟ್ಟಿಯಲ್ಲಿ ಕಾಣುವುದಿಲ್ಲ. ಇದನ್ನು ಯಾರೋ ಯೋಚಿಸಿ ಮಾಡಿದ ಏರ್ಪಾಡು ಎಂದುಕೊಂಡಿದ್ದೆ. ಯುನಿಕ್ಸ್ ಬೆಳೆಸಿದವರಲ್ಲಿ ಒಬ್ಬರಾದ ರಾಬ್ ಪೈಕ್ 2012ರಲ್ಲಿ ಬರೆದ ಪ್ರಕಾರ ಅದೊಂದು ಆಕಸ್ಮಿಕ. ಪ್ರತಿ ಫೋಲ್ಡರಿನಲ್ಲೂ ‘ನಾನೇ’ ಎಂಬುದಕ್ಕೆ ಒಂದು ಚುಕ್ಕೆ, ‘ನನ್ನ ಮೇಲಿನ ಫೋಲ್ಡರ್’ ಎಂಬುದಕ್ಕೆ ಎರಡು ಚುಕ್ಕೆ ಎಂಬ ಎರಡು ನಮೂದುಗಳಿರುತ್ತವೆ. ಅವು ಪಟ್ಟಿಯಲ್ಲಿ ಬರದಿರಲೆಂದು ಒಂದು ಅವಸರದ ಪರೀಕ್ಷೆ ಬರೆದರು: ಹೆಸರಿನ ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ಬಿಟ್ಟುಬಿಡು. ಆ ಎರಡರ ಜೊತೆಗೆ ಚುಕ್ಕೆಯಿಂದ ಶುರುವಾಗುವ ಎಲ್ಲವೂ ಮರೆಯಾದವು. ಆಮೇಲೆ ಮಿಕ್ಕವರು, ಓಹೋ ಇದು ಅಡಗಿಸುವ ಜಾಗ ಎಂದುಕೊಂಡು ತಮ್ಮ ತಮ್ಮ ಸಾಮಾನುಗಳನ್ನೆಲ್ಲ ಅಲ್ಲಿ ತುಂಬಿದರು.

ಇನ್ನೊಂದು ಕತೆ ಇಷ್ಟು ನಿರಪಾಯದ್ದಲ್ಲ. ವಿಂಡೋಸ್‌ನಲ್ಲಿ ಪರಿಚಿತ ಬಗೆಯ ಫೈಲುಗಳ ಹೆಸರಿನ ಕೊನೆಯ ತುಂಡು, ಅಂದರೆ ವಿಸ್ತರಣೆ, ನಾವು ಬೇಕೆಂದು ಕೇಳದ ಹೊರತು ಕಾಣುವುದಿಲ್ಲ. ಸಾಮಾನ್ಯ ಬಳಕೆದಾರರಿಗೆ ಆ ಮೂರಕ್ಷರದ ಕಿರಿಕಿರಿ ಯಾಕೆ ಎಂಬ ಕಾಳಜಿ. 2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ಎಂಬ ಕುತಂತ್ರಾಂಶ ಈ ಕಾಳಜಿಯ ಸಂದಿಯಲ್ಲೇ ನುಗ್ಗಿತು. ಮಿಂಚಂಚೆಯ ಜೊತೆ ಬಂದ ಫೈಲಿನ ಪೂರ್ತಿ ಹೆಸರು ‘ಲವ್ ಲೆಟರ್ ಫಾರ್ ಯೂ’ ಎಂದಿದ್ದು ಅದರ ಕೊನೆಗೆ ‘ಟಿಎಕ್ಸ್‌ಟಿ’, ಅದಾದ ಮೇಲೆ ‘ವಿಬಿಎಸ್’ ಎಂದಿತ್ತು. ಕೊನೆಯ ತುಂಡು ಮರೆಯಾಗಿ, ಕಂಡದ್ದು ಬರೀ ಓದುವ ಪತ್ರ. ಒತ್ತಿದರೆ ಓಡಿದ್ದು ಪ್ರೋಗ್ರಾಮು. ಜಗತ್ತಿನಾದ್ಯಂತ ಲಕ್ಷಾಂತರ ಗಣಕಗಳು ಕೆಟ್ಟವು. ಮೋಸ ಮಾಡಿದವನು ಬೇರೆ, ಮರೆ ಮಾಡಿದವರು ಬೇರೆ. ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಮರೆಯಿಲ್ಲದಿದ್ದರೆ ಕೆಟ್ಟ ಮನಸ್ಸಿನವನಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಈ ಎರಡೂ ಕತೆಗಳಿಂದ ನನಗೆ ತಿಳಿದದ್ದು ಒಂದು. ಮರೆ ಮಾಡುವವರ ಉದ್ದೇಶ ಒಳ್ಳೆಯದೇ ಎಂದು ಕೇಳುವುದು ಸಾಲದು. ಮರೆಯಾಗಿದೆ ಎಂಬುದು ನೋಡುವವರಿಗೆ ಗೊತ್ತಾಗುತ್ತದೆಯೇ, ಬೇಕೆನಿಸಿದರೆ ಅವರು ಮರೆಯನ್ನು ಸರಿಸಬಹುದೇ ಎಂದೂ ಕೇಳಬೇಕು. ಆಪಲ್‌ನ ಮ್ಯಾಕ್ ಗಣಕಗಳಲ್ಲಿ ಫೈಲ್ ತೆರೆಯುವಾಗ, ಆ ತಂತ್ರಾಂಶಕ್ಕೆ ಒಗ್ಗದ ಫೈಲುಗಳು ಮಾಯವಾಗುವುದಿಲ್ಲ, ಮಂಕಾಗಿ ಕಾಣುತ್ತವೆ. ಮುಟ್ಟಿದರೆ ತೆರೆಯುವುದಿಲ್ಲ, ಆದರೆ ಇವೆ. ಆ ಮಂಕು ಬಣ್ಣ ಒಂದು ಪೂರ್ತಿ ವಾಕ್ಯ ಹೇಳುತ್ತದೆ: ಇದು ಇದೆ, ಈಗ ಇಲ್ಲಿ ಸಿಗುವುದಿಲ್ಲ.

ಈ ವಾಕ್ಯವನ್ನು ನಾನು ಮೊದಲೇ ಎಲ್ಲೋ ಕೇಳಿದ್ದೇನೆ ಎನ್ನಿಸಿ ದಿನಚರಿ ತೆಗೆದು ನೋಡಿದೆ. ಅಜ್ಜಿ ಹೇಳಿದ್ದು ಅದನ್ನೇ. ಪದ ಇದೆ, ಇಲ್ಲ ಅನ್ನುವುದಿಲ್ಲ, ಈಗ ಹಾಡುವುದಿಲ್ಲ. ಅವರೂ ನನ್ನಿಂದ ಒಂದನ್ನು ಮರೆ ಮಾಡಿದ್ದರು. ಆದರೆ ಅದು ಇದೆ ಎಂದರು, ಯಾಕೆ ಕೊಡುವುದಿಲ್ಲ ಎಂದರು, ಎಲ್ಲಿ ಹೋದರೆ ಸಿಗುತ್ತದೆ ಎಂದೂ ಹೇಳಿದರು. ಪದವೇ ಇಲ್ಲ ಎಂದುಬಿಟ್ಟಿದ್ದರೆ ಅವರಿಗೆ ಕೆಲಸ ಸುಲಭವಿತ್ತು, ನಾನು ಮತ್ತೆ ಮತ್ತೆ ಪೀಡಿಸುತ್ತಿರಲಿಲ್ಲ. ಅವರು ಹನ್ನೊಂದು ನಿಮಿಷ ಖರ್ಚು ಮಾಡಿ ಮಾಡಿದ್ದನ್ನು ನಾನು ಒಂದು ಸಾಲಿನಲ್ಲಿ ರದ್ದು ಮಾಡಿದೆ. ಕೊಡದಿರುವ ಹಕ್ಕು ಎಲ್ಲರಿಗೂ ಇದೆ ಎಂದು ನಾನು ಒಪ್ಪುತ್ತೇನೆ. ಆದರೆ ಕೊಡುತ್ತಿಲ್ಲ ಎಂಬುದನ್ನೂ ಹೇಳದಿರುವ ಹಕ್ಕು ಬೇರೆ ಸಂಗತಿ. ಜೀವಕ್ಕೋ ಮಾನಕ್ಕೋ ಅಪಾಯವಿರುವಾಗ ಅದೂ ಬೇಕಾಗಬಹುದು. ಕಿಟಕಿ ಚೊಕ್ಕಟವಾಗಿ ಕಾಣಲಿ ಎಂಬುದು ಅಂಥ ಕಾರಣವಲ್ಲ.

ಇಷ್ಟು ಹೇಳಿದರೂ ತಪ್ಪಿನ ಬುಡಕ್ಕೆ ಹೋಗಿಲ್ಲವೆನಿಸುತ್ತದೆ. ಫಿಲ್ಟರ್ ತನ್ನಷ್ಟಕ್ಕೆ ಏನನ್ನೂ ತೀರ್ಮಾನಿಸಲಿಲ್ಲ. ಅದು ನನ್ನ ಪಟ್ಟಿಯನ್ನು ಓದಿತು. ಪಟ್ಟಿಯಲ್ಲಿ ‘ನಿರುಪಯುಕ್ತ’ ಎಂದು ಬರೆದದ್ದು ನಾನು. ಹಾಡು ಸಂಗ್ರಹಿಸಲು ಹೋದವಳಿಗೆ ಹಾಡದಿರುವುದೂ ಹಾಡಿನ ಬದುಕಿನ ಒಂದು ಭಾಗ ಎಂದು ಹೊಳೆಯಲಿಲ್ಲ. ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಇದು ಹೊಸದೇನಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ನಮ್ಮಂಥವರಿಗೆಲ್ಲ ದಾರಿ ಮಾಡಿಕೊಟ್ಟ ಪುಸ್ತಕ. ಅದರ ಋಣ ದೊಡ್ಡದು. ಆದರೂ ಆ ಹೆಸರನ್ನೇ ಒಮ್ಮೆ ನೋಡಿ. ಯಾವ ಹೆಣ್ಣಿನ ಹಾಡು ಇಲ್ಲಿ ಸಿಗುತ್ತದೆ ಎಂದು ಹೊಸ್ತಿಲಲ್ಲೇ ಹೇಳುತ್ತದೆ. ಗರತಿ ಎನಿಸಿಕೊಳ್ಳದವಳೂ ಹಾಡಿರುತ್ತಾಳಲ್ಲ ಎಂದು ಓದುವವರಿಗೆ ಅನ್ನಿಸಲು ಆ ಹೆಸರೇ ಅವಕಾಶ ಕೊಡುತ್ತದೆ. ಹೆಸರಿಲ್ಲದ ಫಿಲ್ಟರಿಗಿಂತ ಹೆಸರಿರುವ ಫಿಲ್ಟರ್ ಎಷ್ಟೋ ವಾಸಿ.

ಇದರಲ್ಲಿ ಮೇಲು ಕೆಳಗಿನ ಮಾತೂ ಇದೆ. ನನ್ನ ಗಣಕದಲ್ಲಿ ಆ ಏಳು ಫೈಲುಗಳೂ ಕಾಣುತ್ತಿದ್ದವು, ಯಾಕೆಂದರೆ ನಾನು ಆ ಕಿಟಕಿಯನ್ನು ಬಳಸುತ್ತಲೇ ಇರಲಿಲ್ಲ. ಅದು ಅಕ್ಕನಿಗೆಂದು ಮಾಡಿದ್ದು. ಅವರಿಗೆ ಏನು ಬೇಕು, ಏನು ಬೇಡ ಎಂದು ನಾನು ಅವರನ್ನು ಕೇಳಿರಲಿಲ್ಲ. ನೂರಾರು ಗಂಟೆ ಆ ದನಿಗಳನ್ನು ಕೇಳಿದ ಕಿವಿ ಅವರದು. ಹಾಡಿನ ನಡುವೆ ಒಬ್ಬಾಕೆ ಯಾಕೆ ತಡೆದಳು ಎಂಬುದು ನನಗಿಂತ ಅವರಿಗೆ ಬೇಗ ತಿಳಿಯುತ್ತಿತ್ತು. ಆ ಹನ್ನೊಂದು ನಿಮಿಷ ಅವರ ಕೈಗೆ ಹೋಗಿದ್ದರೆ ‘ಇದು ನಿರುಪಯುಕ್ತ ಅಲ್ಲ ಕಣಮ್ಮ’ ಎಂದು ಅವರೇ ಹೇಳುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ಮರೆ ಮಾಡಿದ್ದು ಬರೀ ಫೈಲನ್ನಲ್ಲ, ಅವರು ತೀರ್ಮಾನ ಮಾಡಬಹುದಾಗಿದ್ದ ಒಂದು ಸಂದರ್ಭವನ್ನು.

ಆ ‘ಫೈಲ್‌ವ್ಯೂ’ ಸಲಹೆಗಾರನ ಬಗ್ಗೆ ಒಂದು ಸಂಗತಿ ಆಗ ಗಮನಿಸಿರಲಿಲ್ಲ, ಈಗ ಇಷ್ಟವಾಗುತ್ತದೆ. ಕಿಟಕಿ ಕೇಳುವ ಐದು ಪ್ರಶ್ನೆಗಳಿಗೂ ಅವನು ಉತ್ತರ ಕೊಡಲೇಬೇಕೆಂದಿಲ್ಲ. ‘ನಲ್’ ಎಂದು ಮರಳಿಸಬಹುದು. ಅದರ ಅರ್ಥ, ಈ ವಿಚಾರದಲ್ಲಿ ನನ್ನ ಅಭಿಪ್ರಾಯ ಇಲ್ಲ, ಇನ್ನೊಬ್ಬರನ್ನು ಕೇಳಿ. ಆಗ ಕಿಟಕಿ ತನ್ನ ಮೂಲ ಸಲಹೆಗಾರನನ್ನು ಕೇಳಿ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಫಿಲ್ಟರಿಗೆ ಆ ಸೌಕರ್ಯವಿಲ್ಲ. ಅದು ಹೌದು ಅಥವಾ ಅಲ್ಲ ಎನ್ನಲೇಬೇಕು. ನನ್ನ ‘ಸ್ಥಿತಿ’ ಕಲಂನಲ್ಲೂ ಎರಡೇ ಆಯ್ಕೆ ಇಟ್ಟಿದ್ದೆ. ಗೊತ್ತಿಲ್ಲ ಎನ್ನಲು ಜಾಗವಿರಲಿಲ್ಲ.

ಈಗ ತಂತ್ರಾಂಶವನ್ನು ಬದಲಿಸಿದ್ದೇನೆ. ಮೊದಲು ಎಲ್ಲವನ್ನೂ ತೋರಿಸಿದೆ. ಎರಡೇ ದಿನಕ್ಕೆ ಅಕ್ಕ, “ಇಷ್ಟೊಂದು ಕಂಡ್ರೆ ಹುಡುಕೋದು ಹೇಗಮ್ಮ?” ಎಂದು ಬೇಸರಪಟ್ಟರು. ಅವರ ಹೊತ್ತಿಗೂ ಬೆಲೆಯಿದೆ, ಆ ಕಷ್ಟವೂ ನಿಜ. ಈ ಸಲ ಇಬ್ಬರೂ ಜೊತೆಗೆ ಕೂತು ತೀರ್ಮಾನ ಮಾಡಿದೆವು. ಫಿಲ್ಟರ್ ಇದೆ. ಆದರೆ ‘ಎಲ್ಲ ಫೈಲುಗಳು’ ಎಂಬ ಆಯ್ಕೆಯನ್ನು ತೆಗೆದಿದ್ದ ಸಾಲು ಹೋಯಿತು. ಪಟ್ಟಿಯ ಪಕ್ಕದಲ್ಲಿ ಬೇಕಾದದ್ದನ್ನು ಕೂರಿಸಲು ಆ ಕಿಟಕಿಯಲ್ಲಿ ಒಂದು ಜಾಗವಿದೆ. ಅಲ್ಲಿ ಈಗ ಪ್ರತಿ ಫೋಲ್ಡರಿಗೂ ಒಂದು ಸಾಲು ಬರುತ್ತದೆ: ‘ಇಲ್ಲಿ ಇನ್ನೂ ಇಷ್ಟು ಫೈಲುಗಳಿವೆ, ಕಾಣಿಸುತ್ತಿಲ್ಲ.’ ಹಾಡಿನ ಹೆಸರಿನ ಪಕ್ಕದಲ್ಲಿ ಮೂಲ ಹೆಸರೂ ಉಳಿದಿದೆ. ‘ನಿರುಪಯುಕ್ತ’ ಎಂಬ ಪದವನ್ನು ತೆಗೆದುಹಾಕಿ ‘ಹಾಡಿಲ್ಲ’, ‘ಸದ್ದು’, ‘ಗೊತ್ತ��ಲ್ಲ’ ಎಂದು ಮೂರು ಮಾಡಿದ್ದೇವೆ. ನಕಲು ಮಾಡುವಾಗ ಯಾವ ಫಿಲ್ಟರೂ ಇಲ್ಲ.

ದಸರೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿದ್ದೆ. ತಪ್ಪೊಪ್ಪಿಕೊಳ್ಳುವುದಿತ್ತು, ಸಾಧ್ಯವಾದರೆ ಅದೇ ಮಾತುಗಳನ್ನು ಇನ್ನೊಮ್ಮೆ ಕೇಳುವುದಿತ್ತು. ಅವರು ಜಗಲಿಯ ಮೇಲೆ ಕೂತಿದ್ದರು. ಈಚೆಗೆ ನೆನಪು ಹಿಡಿಯುವುದಿಲ್ಲವೆಂದು ಸೊಸೆ ಹೇಳಿದರು. ಹೋದ ಸಲ ಕೇಳಿದ ಸಾವಿನ ಮನೆಯ ಪದ ನೆನಪಿಸಿದೆ. ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಯಾವ ಪದ ಕಣವ್ವ?” ಎಂದರು. ಮತ್ತೆ ಕೇಳಲಿಲ್ಲ. ಕಾಫಿ ಕುಡಿದು ಬಂದೆ.

ಪ್ರಬಂಧದ ಅನುಬಂಧದಲ್ಲಿ ಹಾಡುಗಳ ಪಟ್ಟಿ ಇರುತ್ತದೆ. ಅದಕ್ಕೆ ಒಂದು ಸಾಲು ಸೇರಿಸಿದ್ದೇನೆ. ಹಾಡಿನ ಹೆಸರು: ತಿಳಿದಿಲ್ಲ. ಪಠ್ಯ: ಇಲ್ಲ. ಹಾಡುವ ಸಂದರ್ಭ: ಸಾವಿನ ಮನೆ, ದೀಪ ಹಚ್ಚುವ ಮುಂಚೆ. ಟಿಪ್ಪಣಿ: ಹಾಡಲಿಲ್ಲ; ಯಾಕೆಂದು ಹೇಳಿದರು; ಹೇಳಿದ್ದನ್ನು ನಾನು ಕಳೆದೆ.

ನನ್ನ ಮಾರ್ಗದರ್ಶಕರು ಅದನ್ನು ನೋಡಿ, ಪಠ್ಯವೇ ಇಲ್ಲದ ಮೇಲೆ ಆ ಸಾಲು ಯಾಕೆ ಎಂದು ಕೇಳಿದರು. ಅಲ್ಲಿ ಒಂದು ಹಾಡು ಇತ್ತು ಸರ್, ಅದಕ್ಕೆ ಎಂದೆ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಇರಲಿ ಎಂದರು.